ಹತ್ತೊಂಬತ್ತನೆಯ ದಿನ

ಏಳನೆಯ ದಿನ ಎಸೆಯಬೇಕಿತ್ತು ಆ ತಟ್ಟೆ.
ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಹಿಲ್ಲರ್ ಬರೆದಿದ್ದಾನೆ:
ಏಳು ದಿನ ನೋಡಿ, ಆಮೇಲೆ ಬೇಯಿಸಿ, ಬಿಸಾಡಿ.
ಮಗಳು ಹೀಯೆಗೆ ಸೀತಾಳೆ ಸಿಡುಬು ಎದ್ದು
ನಾನು ಹನ್ನೆರಡು ದಿನ ಕೆಲಸಕ್ಕೆ ಹೋಗಲಿಲ್ಲ.
ತಾರ್ತುವಿನ ಹೊಳೆ ಗಡ್ಡೆಕಟ್ಟಿತ್ತು;
ಸೇತುವೆಯ ಕೆಳಗೆ ಉಳಿದ ಒಂದೇ ಕರಿಗಂಡಿಯಲ್ಲಿ
ಬಾತುಗಳು ಒಂದರ ಮೇಲೊಂದು ಬೀಳುತ್ತಿದ್ದವು.
ಯಾರೂ ಆ ತಟ್ಟೆ ಮುಟ್ಟಲಿಲ್ಲ.
ಮರೆತೆವು ಎಂದು ಪ್ರಬಂಧದಲ್ಲಿ ಬರೆಯುವಂತಿಲ್ಲ.
'ದೀರ್ಘಾವಧಿ ಕಾವು ಕೊಡಲಾಯಿತು' ಎಂದು ಬರೆದೆವು.

ಆ ಗಾಜಿನ ಪೆಟ್ಟಿಗೆಯೊಳಗೆ ಗಾಳಿ ಇಲ್ಲ,
ಅಂದರೆ ನಮ್ಮ ಗಾಳಿ.
ಕಪ್ಪು ರಬ್ಬರಿನ ತೋಳುಗಳಲ್ಲಿ ಕೈ ತೂರಿಸಿ
ಹಸುಗೂಸನ್ನು ಮೀಯಿಸುವವಳಂತೆ ಬಾಗಿ ನಿಲ್ಲುತ್ತೇನೆ.
ಪ್ರಾಣವಾಯು ತಾಗಿದರೆ ಪ್ರಾಣ ಬಿಡುವ ಜೀವಗಳು.
ಬೇಕಾದ್ದು ಕತ್ತಲು, ಬೆಚ್ಚಗೆ, ಕುರಿಯ ಜಠರದ ಸೋಸಿದ ರಸ,
ಮತ್ತೆ, ಈಗ ಗೊತ್ತಾಯಿತು, ಪುರಸೊತ್ತು.

ಹತ್ತೊಂಬತ್ತನೆಯ ದಿನ ಬೆಳಕಿಗೆ ಓರೆಮಾಡಿ ಹಿಡಿದೆ.
ಅಗಾರಿನ ಅಂಚಿನಲ್ಲಿ ಒಂದು ಚುಕ್ಕಿ,
ಗಸಗಸೆ ಇದರ ಮುಂದೆ ಗುಂಡುಕಲ್ಲು.
ಧೂಳು ಅಂದುಕೊಂಡೆ. ನಿದ್ದೆಗೆಟ್ಟ ಕಣ್ಣು ಅಂದುಕೊಂಡೆ.
ಸೂಜಿಮೊನೆಯಿಂದ ಮುಟ್ಟಿದರೆ
ಅಂಟಿಕೊಂಡೇ ಬಂತು, ಬಿಟ್ಟಿರಲು ಮನಸ್ಸಿಲ್ಲದ ಹಾಗೆ.

ನಂತರದ್ದು ಯಂತ್ರದ ಪಾಡು. ನಾಲ್ಕೇ ಅಕ್ಷರಗಳಲ್ಲಿ ಬರೆದ
ಸಾವಿರದೈನೂರು ಅಕ್ಷರದ ಸಾಲನ್ನು ಓದಿ
ಕಳೆದುಹೋದ ಮಗುವಿನ ಕೈಹಿಡಿದು
ನಿಮ್ಮದಾ, ನಿಮ್ಮದಾ ಎಂದು
ಬಾಗಿಲು ಬಾಗಿಲು ತಟ್ಟಿ ಬಂತು.
ಅತಿ ಹತ್ತಿರದ ನೆಂಟನಿಗೂ ಹೋಲಿಕೆ
ನೂರಕ್ಕೆ ತೊಂಬತ್ತೈದೂವರೆ.
ಒಂದೇ ಪ್ರಭೇದ ಅನ್ನಲು ತೊಂಬತ್ತೆಂಟು ದಾಟಬೇಕು.
ಹಿಲ್ಲರ್ ಕುರ್ಚಿ ತಿರುಗಿಸಿ, ಕನ್ನಡಕ ತೆಗೆದು,
'ಯಾರ ಮನೆಯದೂ ಅಲ್ಲ' ಅಂದ.
ಆಮೇಲೆ ಕಾಫಿಗೆ ಹೋದ.
ನಮ್ಮ ಕಡೆ ಸಂಭ್ರಮ ಅಂದರೆ ಅಷ್ಟೆ.

ಯಾರ ಮನೆಯದೂ ಅಲ್ಲವೇ? ಸುಳ್ಳು. ಒಬ್ಬಳ ಮನೆಯದು.
ಮಾದರಿ ನಲವತ್ತೇಳು. ಹೆಂಗಸು. ಎಂಬತ್ತೊಂದು. ದ್ವೀಪದವಳು.
ಊಟ: ರೈ ರೊಟ್ಟಿ, ಹೊಗೆಗೆ ಹಿಡಿದ ಮೀನು, ಹುಳಿಹಾಲು.
ಆ್ಯಂಟಿಬಯಾಟಿಕ್: ಇಲ್ಲ. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ, ಡಾಕ್ಟರು ದೂರ.
ಇತರ ಸಂಗತಿ ಎಂಬಲ್ಲಿ: ಡಬ್ಬಿ ತೀರ ಚಿಕ್ಕದು, ಕ್ಷಮಿಸಿ.

ಹೆಸರು ಕೇಳುವಂತಿಲ್ಲ. ಗುಟ್ಟು ಕಾಯಲು ಸಮಿತಿ ಇದೆ.

ನನಗೆ ಕಾಣುವುದು ಅವಳ ಮನೆಯ ಮರದ ತೊಟ್ಟಿ:
ತೊಳೆಯದೆ ಬಿಟ್ಟ ತಳದ ಹಿಟ್ಟಿನಿಂದಲೇ
ನಾಳಿನ ರೊಟ್ಟಿಗೆ ಹುಳಿ ಏಳುವುದು,
ತಾಯಿ ಕೊಟ್ಟದ್ದು, ತಾಯಿಗೆ ಅವಳ ತಾಯಿ ಕೊಟ್ಟದ್ದು.
ಹೊಟ್ಟೆಯ ಹೆಪ್ಪೂ ಹಾಗೇ ಬಂದಿರಬೇಕು,
ಹುಟ್ಟುವ ಗಳಿಗೆಯಲ್ಲಿ, ಕೇಳದೆ, ಹೇಳದೆ.
ಯುದ್ಧ, ರಾತ್ರೋರಾತ್ರಿ ಖಾಲಿಯಾದ ನೆರೆಮನೆ,
ರೇಶನ್ನಿನ ಸಾಲು, ಏರಿ ಇಳಿದ ಬಾವುಟಗಳು,
ಎಲ್ಲ ಹೊಟ್ಟೆಗೆ ಹಾಕಿಕೊಂಡಿದ್ದಾಳು ಆಕೆ;
ಅವುಗಳ ನಡುವೆ ಇದೂ ಒಂದು,
ಬಾಡಿಗೆ ಏನು ಕೊಡುತ್ತಿತ್ತೋ ಇನ್ನೂ ತಿಳಿಯದ ಒಕ್ಕಲು.

ಎರಡನೆಯ ಮಾದರಿ ಬೇಕಿತ್ತು.
ನೀರ್ಗಲ್ಲು ಒಡೆದ ಮೇಲೆ, ಏಪ್ರಿಲಿನಲ್ಲಿ,
ನರ್ಸ್ ವಿರ್ವೆ ಮೊದಲ ದೋಣಿಗೆ ಹೋದಳು,
ಕೊನೆಯ ದೋಣಿಗೆ ಖಾಲಿ ಡಬ್ಬಿಯೊಡನೆ ಬಂದಳು.
ದೊಡ್ಡ ಡಬ್ಬಿ. ನಾನೇ ಆರಿಸಿ ಕಳಿಸಿದ್ದು.

ಹೆಸರು ಲ್ಯಾಟಿನ್ನಿನಲ್ಲಿ ಇಡಬೇಕು.
ದ್ವೀಪದ ಹೆಸರು ಬೇಡ ಅಂದ ಹಿಲ್ಲರ್:
ಆ ವಯಸ್ಸಿನವರು ಅಲ್ಲಿ ಏಳೇ ಜನ, ಗುರುತು ಸಿಕ್ಕೀತು.
'ತಾರ್ದಾ' ಅಂದೆ. ನಿಧಾನದ್ದು, ತಡವಾದದ್ದು.
ಬೆಳವಣಿಗೆಯ ವೇಗ ನೋಡಿ ಅವನು ಒಪ್ಪಿದ.
ನಾನು ಹೇಳಿದ್ದು ನಮ್ಮನ್ನು.

ಈಗ ಅದು ಎರಡು ದೇಶಗಳ ಶೀತಪೆಟ್ಟಿಗೆಗಳಲ್ಲಿ
ಸೊನ್ನೆಗಿಂತ ಎಂಬತ್ತು ಕೆಳಗೆ ಮಲಗಿದೆ,
ಬೆರಳುದ್ದದ ಕೊಳವೆ, ಮೇಲೊಂದು ಸಂಖ್ಯೆ.
ನಮ್ಮ ಪಾಲಿನ ಒಂದನ್ನು ಶುಕ್ರವಾರ ಕರಗಿಸಿ
ಹೊಸ ತಟ್ಟೆಗೆ ಎಳೆದೆ, ಬದುಕಿದೆಯೇ ನೋಡಲು.
ಇವತ್ತಿಗೆ ನಾಲ್ಕು ದಿನ.
ಏನೂ ಕಾಣುತ್ತಿಲ್ಲ.